ಅಪ್‌ಡೇಟ್: ಮ್ಯಾಕ್‌ನಲ್ಲಿ ಕಿಟಕಿ ಬದಲಿಸುವ ಗೋಳು ಮುಗಿಯಿತು

ವಿಂಡೋಸ್ ಬಿಟ್ಟು ಮ್ಯಾಕ್‌ಗೆ ಬಂದಿದ್ದೇನೆ, ತೆರೆದ ಕಿಟಕಿಗಳ (ವಿಂಡೋಗಳ) ನಡುವೆ ಓಡಾಡುವ ಆಲ್ಟ್+ಟ್ಯಾಬ್ ಥರದ್ದು ಸರಿಯಾಗಿ ಆಗ್ತಿಲ್ಲ ಅಂತ ಇಲ್ಲಿ ಹೋದ ವಾರ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಕಮಾಂಡ್+ಟ್ಯಾಬ್ ಒತ್ತಿದರೆ ಆ್ಯಪ್‌ಗಳು ಮಾತ್ರ ಬದಲಾಗುತ್ತವೆ, ಒಂದೇ ಆ್ಯಪ್‌ನ ಎರಡು ಕಿಟಕಿಗಳಲ್ಲ. ಅದಕ್ಕೆ ಕಮಾಂಡ್ ಜೊತೆ ` ಕೀ ಒತ್ತಿ ಅಂತ ನಿಮ್ಮಲ್ಲಿ ಕೆಲವರು ಅಂದಿದ್ರಲ್ಲ, ಅದೇ ಸರಿಹೋಯಿತು. ನನ್ನ ಕೀಬೋರ್ಡ್‌ನಲ್ಲಿ ಅದು ಟ್ಯಾಬ್‌ನ ಮೇಲೇ ಕೂತಿದೆ. ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ!

ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲ್, ಕಮಾಂಡ್ ಅದಲುಬದಲು ಮಾಡುವ ಸಲಹೆಯನ್ನೂ ಮಾಡಿ ನೋಡಿದೆ. ಕಾಪಿ, ಪೇಸ್ಟ್ ಹಳೇ ಅಭ್ಯಾಸದಂತೆಯೇ ಆಯಿತು, ನಿಜ. ಆದರೆ ಬ್ರೌಸರ್‌ನಲ್ಲಿ ಟ್ಯಾಬ್ ಬದಲಿಸಲು ಹಳೇ ಅಭ್ಯಾಸದಂತೆ ಕಂಟ್ರೋಲ್+ಟ್ಯಾಬ್ ಒತ್ತಿದರೆ ಆ್ಯಪ್ಪೇ ಬದಲಾಗುತ್ತಿತ್ತು. ಎರಡೇ ದಿನಕ್ಕೆ ಮೊದಲಿನಂತೆ ಮಾಡಿಬಿಟ್ಟೆ.

ಮಿನಿಮೈಸ್ ಮಾಡಿದ ಕಿಟಕಿ ಕಮಾಂಡ್+ಟ್ಯಾಬ್‌ಗೆ ಮೇಲೆ ಬರಲ್ಲ ಅನ್ನೋದು ನನಗೆ ಹೊಸ ವಿಷಯ. ಆ್ಯಪ್ ಆರಿಸಿ, ಕಮಾಂಡ್ ಬಿಡುವ ಮುಂಚೆ ಆಪ್ಷನ್ ಕೀ ಒತ್ತಿ ಹಿಡಿದರೆ ಬರುತ್ತದೆ. ಬೆರಳಿಗೆ ಸ್ವಲ್ಪ ಸರ್ಕಸ್, ಅದಕ್ಕೇ ಈಗ ಮಿನಿಮೈಸ್ ಮಾಡೋದನ್ನೇ ಬಿಟ್ಟು ಕಮಾಂಡ್+ಎಚ್ ಒತ್ತಿ ಮರೆಮಾಡುತ್ತೇನೆ. ವಾಪಸ್ ಬರಲು ಕಮಾಂಡ್+ಟ್ಯಾಬ್ ಸಾಕು.

ಫೈಂಡರ್‌ನಲ್ಲಿ (ಮ್ಯಾಕ್‌ನಲ್ಲಿ ಫೈಲ್‌ಗಳನ್ನು ನೋಡುವ ಆ್ಯಪ್) ಎಂಟರ್ ಒತ್ತಿದರೆ ಫೈಲ್ ತೆರೆಯುವುದಿಲ್ಲ, ಹೆಸರು ಬದಲಿಸಲು ಕೇಳುತ್ತದೆ. ತೆರೆಯಲು ಕಮಾಂಡ್+ಓ. ಫೈಲ್ ಕಟ್ ಮಾಡಲು ಕಮಾಂಡ್+ಎಕ್ಸ್ ನಡೆಯಲ್ಲ. ಕಮಾಂಡ್+ಸಿ ಒತ್ತಿ, ಬೇಕಾದ ಫೋಲ್ಡರ್‌ಗೆ ಹೋಗಿ ಆಪ್ಷನ್+ಕಮಾಂಡ್+ವಿ ಒತ್ತಿ. ಎಂಟರ್ ವಿಷಯದಲ್ಲಿ ಮಾತ್ರ ಕೈ ಇನ್ನೂ ಎಡವುತ್ತಲೇ ಇದೆ.