ಕ್ಯಾನ್ಸರ್ ಗೆದ್ದ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ: ಯಾರ ಕಷ್ಟಕ್ಕೆ ಎಷ್ಟು ಅಂಕ?

ಪ್ರಶ್ನೆ (ನಿವೃತ್ತ ಪಿಯು ಉಪನ್ಯಾಸಕರು, ದಾವಣಗೆರೆ): ನಮಸ್ತೆ ಮೇಡಂ. ನಮ್ಮೂರಿನ ಒಂದು ಟ್ರಸ್ಟ್ ಕ್ಯಾನ್ಸರ್‌ನಿಂದ ಗುಣವಾದ ಮಕ್ಕಳಿಗೆ ಪಿಯುಸಿ, ಡಿಪ್ಲೊಮಾ, ಡಿಗ್ರಿ ಓದಲು ಸ್ಕಾಲರ್‌ಶಿಪ್ ಕೊಡುತ್ತಿದೆ. ಆಯ್ಕೆ ಸಮಿತಿಗೆ ನನ್ನನ್ನೂ ಸೇರಿಸಿದ್ದಾರೆ. ಹಣ ಇರುವುದು ಹತ್ತು ಜನಕ್ಕೆ, ಅರ್ಜಿ ಬಂದಿರುವುದು ಅದರ ಮೂರರಷ್ಟು. ಒಂದೊಂದು ಪತ್ರ ಓದುವಾಗಲೂ ಕಣ್ಣು ತುಂಬಿ ಬರುತ್ತೆ. ಒಬ್ಬ ಹುಡುಗಿಗೆ ಮೂಳೆ ಕ್ಯಾನ್ಸರ್ ಆಗಿ ಕಾಲು ತೆಗೆದಿದ್ದಾರೆ. ಇನ್ನೊಬ್ಬ ಹುಡುಗನಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಈಗ ಚೆನ್ನಾಗಿದ್ದಾನೆ, ಶೇ. 88 ತೆಗೆದಿದ್ದಾನೆ. ಯಾರ ಕಷ್ಟ ದೊಡ್ಡದು ಅಂತ ಹೇಗೆ ತೀರ್ಮಾನಿಸೋದು?

ಉತ್ತರ (ಮಕ್ಕಳ ಕ್ಯಾನ್ಸರ್ ವಿಭಾಗದ ಸಮಾಜ ಕಾರ್ಯಕರ್ತೆ, ಬೆಂಗಳೂರು): ಸರ್, ಆ ತೀರ್ಮಾನಕ್ಕೆ ಕೈ ಹಾಕಲೇಬೇಡಿ. ಕ್ಯಾನ್ಸರ್ ಆಗಿತ್ತಾ ಅನ್ನೋದನ್ನು ಬಾಗಿಲಲ್ಲೇ ನೋಡಿ ಮುಗಿಸಿ. ಚಿಕಿತ್ಸೆ ಪಡೆದ ಆಸ್ಪತ್ರೆಯ ಒಂದು ಚೀಟಿ ಸಾಕು. ಒಳಗೆ ಬಂದ ಮೇಲೆ ಕಾಯಿಲೆಗೆ ಅಂಕ ಇಲ್ಲ, ಕಣ್ಣೀರಿಗೂ ಇಲ್ಲ. ಈ ಮಗು ಏನು ಓದಬೇಕು ಅಂತಿದೆ, ಅದಕ್ಕೆ ಏನು ಅಡ್ಡ ಬರ್ತಿದೆ, ನಿಮ್ಮ ಹಣದಿಂದ ಆ ಅಡ್ಡಿ ಎಷ್ಟು ಸರಿಯುತ್ತೆ? ಅಂಕ ಇದಕ್ಕೆ.

ಯಾಕೆ ಅಂದರೆ, ಕಣ್ಣಿಗೆ ಕಾಣುವ ನಷ್ಟವೇ ಓದಿಗೆ ಅಡ್ಡ ಆಗಿರಬೇಕು ಅಂತೇನಿಲ್ಲ. ನೀವು ಹೇಳಿದ ಹುಡುಗಿಯನ್ನೇ ತಗೊಳ್ಳಿ. ಸಮಿತಿಗೆ ಕಾಣೋದು ಕಾಲು. ಆದರೆ ಮೂಳೆ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಕೊಡುವ ಸಿಸ್ಪ್ಲಾಟಿನ್ ಔಷಧಿಯಿಂದ ಕಿವಿ ಮಂದ ಆಗಬಹುದು. ಮೊದಲು ಹೋಗೋದು ಕೀಚಲು ದನಿಗಳು, ಹಾಗಾಗಿ ಮಾತು ಕೇಳಿಸುತ್ತೆ, ಸ್ಪಷ್ಟ ಆಗಲ್ಲ. ಅವಳಿಗೆ ಕೃತಕ ಕಾಲಿಗಿಂತ ಮೊದಲು ಬೇಕಾಗಿರೋದು ಶ್ರವಣ ಸಾಧನ ಇರಬಹುದು.

ಆ ಹುಡುಗನ ವಿಷಯಕ್ಕೆ ಬನ್ನಿ. ಮಕ್ಕಳಲ್ಲಿ ಜಾಸ್ತಿ ಕಾಣುವ ರಕ್ತದ ಕ್ಯಾನ್ಸರ್ ಎ.ಎಲ್.ಎಲ್. (ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ). ಅದರ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತೆ. ಮೊದಲ ತಿಂಗಳುಗಳಲ್ಲಿ ಶಾಲೆಯ ಮಾತೇ ಇಲ್ಲ. ಅದಕ್ಕೆ ಕೊಡುವ ವಿನ್‌ಕ್ರಿಸ್ಟಿನ್ ಔಷಧಿಯಿಂದ ಬೆರಳು ಜೋಮು ಹಿಡಿದು ಬರೆಯೋದು ನಿಧಾನ ಆಗಬಹುದು. ಇನ್ನು ತಲೆಗೆ ರೇಡಿಯೇಷನ್ ಆಗಿದ್ದರೆ, ಅದರಲ್ಲೂ ಮೆದುಳಿನ ಗೆಡ್ಡೆಯ ಮಕ್ಕಳಲ್ಲಿ, ನೆನಪಿನ ಶಕ್ತಿ ಮತ್ತು ಓದುವ ವೇಗ ಕುಗ್ಗುವುದುಂಟು. ಅದೂ ತಕ್ಷಣ ಅಲ್ಲ, ವರ್ಷಗಳ ಮೇಲೆ ಗೊತ್ತಾಗುತ್ತೆ. ಅಂಥ ಮಗು ತೆಗೆದ 58ರ ಹಿಂದೆ ಬೇರೊಬ್ಬರ 88ಕ್ಕಿಂತ ಜಾಸ್ತಿ ದುಡಿಮೆ ಇರಬಹುದು. ಹಾಗಂತ 88 ತೆಗೆದವನನ್ನು ‘ಚೆನ್ನಾಗಿದ್ದಾನಲ್ಲ’ ಅಂತ ಪಕ್ಕಕ್ಕೆ ಇಡೋದೂ ಅನ್ಯಾಯವೇ. ಅಂಕಪಟ್ಟಿಗಳನ್ನು ಒಂದಕ್ಕೊಂದು ಹೋಲಿಸಬೇಡಿ. ಕಾಯಿಲೆಗೆ ಮುಂಚಿನದು, ಈಗಿನದು ಎರಡೂ ತರಿಸಿ, ಆ ಮಗುವನ್ನು ಆ ಮಗುವಿಗೇ ಹೋಲಿಸಿ. ತಪ್ಪಿಹೋದ ವರ್ಷ ಇದ್ದರೆ ಕಾರಣ ಕೇಳಬೇಡಿ, ಕಾರಣ ನಿಮಗೆ ಗೊತ್ತೇ ಇದೆ. ವಯಸ್ಸಿನ ಮಿತಿ ಇಟ್ಟಿದ್ದರೆ ತೆಗೆದುಬಿಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಮೇಡಂ, ಆದಾಯ ಪ್ರಮಾಣಪತ್ರ ಇದೆಯಲ್ಲ, ಅದರ ಮೇಲೆ ನಿರ್ಧರಿಸಿದರೆ ಸುಲಭ ಅಲ್ವಾ?

ಉತ್ತರ: ಸುಲಭ ಹೌದು. ಆದರೆ ನಾಡಕಚೇರಿ ಕೊಡುವ ಕಾಗದದಲ್ಲಿ ಸಾಲ ಇರಲ್ಲ ಸರ್. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆ ಸಿಗಬಹುದು. ಬಸ್ ಚಾರ್ಜು, ಬೆಂಗಳೂರಲ್ಲಿ ಉಳಿಯುವ ರೂಮು, ಅಪ್ಪ ಬಿಟ್ಟ ಕೂಲಿ, ಮಾರಿದ ಹಸು, ಇದನ್ನೆಲ್ಲ ಆ ಯೋಜನೆ ತುಂಬಿಕೊಡಲ್ಲ. ಫಾರಂನಲ್ಲಿ ಅದಕ್ಕೊಂದು ಜಾಗ ಬಿಡಿ. ರಸೀದಿ ಮಾತ್ರ ಕೇಳಬೇಡಿ, ಕೈಸಾಲಕ್ಕೆ ರಸೀದಿ ಯಾರು ಕೊಡ್ತಾರೆ?

ಪ್ರಶ್ನೆ (ಟ್ರಸ್ಟಿ ಒಬ್ಬರು): ಕೇಳೋಕೆ ಬೇಜಾರು, ಆದರೂ ಕೇಳ್ತೀನಿ. ಕಾಯಿಲೆ ಮರುಕಳಿಸಲ್ಲ ಅಂತ ಡಾಕ್ಟರ್ ಹತ್ತಿರ ಬರೆಸಿಕೊಳ್ಳಬಹುದಾ? ದಾನಿಗಳಿಗೆ ಲೆಕ್ಕ ಕೊಡಬೇಕು. ಮತ್ತೆ, ಅಂಗವೈಕಲ್ಯದ ಸರ್ಟಿಫಿಕೇಟ್ ಇದ್ದವರಿಗೆ ಆದ್ಯತೆ ಕೊಡೋಣ ಅಂತಿದ್ದಾರೆ.

ಉತ್ತರ: ಮೊದಲನೆಯದು ಬೇಡ. ಅಂಥ ಮಾತು ಬರೆದುಕೊಡುವ ಡಾಕ್ಟರ್ ಇಲ್ಲ, ಆರೋಗ್ಯವಾಗಿರುವ ಮಗುವಿಗೂ ಕಾಯಿಲೆ ಬರಲ್ಲ ಅಂತ ಬರೆದುಕೊಡೋಕೆ ಆಗಲ್ಲ. ಮರುಕಳಿಸಿದರೆ ಆ ವರ್ಷದ ಹಣವನ್ನು ಹಾಗೇ ಇಟ್ಟು, ಓದಿಗೆ ಮರಳಿದಾಗ ಕೊಡಿ. ಈ ನಿಯಮವನ್ನು ಈಗಲೇ ಬರೆದಿಡಿ.

ಎರಡನೆಯದಕ್ಕೂ ನನ್ನ ಮತ ಇಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಥಲಸ್ಸೇಮಿಯಾ, ಹಿಮೋಫಿಲಿಯಾದಂಥ ರಕ್ತದ ಕಾಯಿಲೆಗಳು ಇವೆ, ಕ್ಯಾನ್ಸರ್ ಇಲ್ಲ. ರೆಟಿನೊಬ್ಲಾಸ್ಟೋಮ (ಕಣ್ಣಿನ ಕ್ಯಾನ್ಸರ್) ಆಗಿ ಒಂದು ಕಣ್ಣು ಕಳೆದುಕೊಂಡ ಮಗುವಿಗೆ ಸಾಮಾನ್ಯವಾಗಿ ಶೇ. 30 ಅಂಗವೈಕಲ್ಯ ಅಂತ ಬರೆಯುತ್ತಾರೆ. ಸವಲತ್ತಿಗೆ 40 ಬೇಕು. ಸರ್ಕಾರ ಎಳೆದ ಆ ಗೆರೆಯನ್ನು ನೀವೂ ಯಾಕೆ ಎಳೀತೀರಿ?

ಪ್ರಶ್ನೆ (ಮೊದಲು ಕೇಳಿದವರು): ಅಂಕ ಹಾಕುವ ಕ್ರಮ ಹೇಳಿ ಮೇಡಂ. ನಮ್ಮಲ್ಲಿ ಅಧ್ಯಕ್ಷರು ‘ಈ ಹುಡುಗಿಗೆ ಕೊಡಲೇಬೇಕು’ ಅಂದರೆ ಎಲ್ಲರೂ ತಲೆ ಆಡಿಸ್ತಾರೆ.

ಉತ್ತರ: ಹೆಸರು, ಫೋಟೊ, ಶಾಲೆ ಮುಚ್ಚಿ ಜೆರಾಕ್ಸ್ ಮಾಡಿಸಿ. ಮೂವರು ಮನೆಯಲ್ಲಿ ಬೇರೆ ಬೇರೆಯಾಗಿ ಓದಲಿ, ಅರ್ಜಿಗಳ ಕಟ್ಟನ್ನು ಒಬ್ಬೊಬ್ಬರು ಒಂದೊಂದು ಕಡೆಯಿಂದ ಶುರು ಮಾಡಲಿ. ಅಂಕದ ಪಕ್ಕ ಒಂದು ಸಾಲಿನ ಕಾರಣ ಬರೆದು, ಸಭೆಗೆ ಮುಂಚೆಯೇ ಕೊಟ್ಟುಬಿಡಲಿ. ಅಧ್ಯಕ್ಷರ ಮಾತು ಆಮೇಲೆ. ಇಬ್ಬರ ಅಂಕದಲ್ಲಿ ತುಂಬಾ ಅಂತರ ಇದ್ದರೆ ಸರಾಸರಿ ತೆಗೆದು ಮುಗಿಸಬೇಡಿ, ಕೂತು ಮಾತಾಡಿ. ಪರಿಚಯದವರ ಮಗುವಿನ ಅರ್ಜಿ ಬಂದಾಗ ಆ ಸದಸ್ಯರು ಎದ್ದು ಹೊರಗೆ ಹೋಗಲಿ. ಮೇಷ್ಟ್ರು ಬರೆದುಕೊಟ್ಟ ಚಂದದ ಇಂಗ್ಲಿಷ್ ಪತ್ರಕ್ಕೂ, ಮಗು ತಾನೇ ಗೀಚಿದ ಕನ್ನಡದ ನಾಲ್ಕು ಸಾಲಿಗೂ ಒಂದೇ ಅಳತೆ.

ಪ್ರಶ್ನೆ (ಟ್ರಸ್ಟಿ): ಚೆಕ್ ವಿತರಣೆಗೆ ಒಂದು ಸಮಾರಂಭ, ಪೇಪರಿನಲ್ಲಿ ಫೋಟೊ?

ಉತ್ತರ: ದಯವಿಟ್ಟು ಬೇಡ. ಎಷ್ಟೋ ಮನೆಗಳಲ್ಲಿ ಮಗುವಿನ ಕಾಯಿಲೆ ಪಕ್ಕದ ಮನೆಗೂ ಗೊತ್ತಿರಲ್ಲ. ಹುಡುಗಿ ಆದರಂತೂ ನಾಳೆ ಮದುವೆ ಅನ್ನೋ ಹೆದರಿಕೆ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಬರುವ ಮಕ್ಕಳಲ್ಲಿ ಹುಡುಗಿಯರೇ ಕಮ್ಮಿ. ಅದಕ್ಕೆ ಹುಡುಗಿಯರನ್ನು ಕರೆದುಕೊಂಡು ಬರದಿರುವುದೂ ಒಂದು ಕಾರಣ. ವೇದಿಕೆ ಹತ್ತಬೇಕು ಅಂತ ಗೊತ್ತಾದರೆ ಚಿಕಿತ್ಸೆಗೆ ಬಂದು ಗುಣವಾದವರೂ ಅರ್ಜಿ ಹಾಕಲ್ಲ. ಹಣ ನೇರ ಖಾತೆಗೆ ಹೋಗಲಿ. ದಾನಿಗಳಿಗೆ ಹೆಸರಿಲ್ಲದ ಲೆಕ್ಕ ಕೊಡಿ: ಇಷ್ಟು ಜನ, ಈ ಕೋರ್ಸು, ಇಷ್ಟು ಫೀಸು.

ಸಿಗದವರಿಗೂ ಒಂದು ಪತ್ರ ಹೋಗಲಿ. ‘ಹಣ ಇಷ್ಟೇ ಇತ್ತು’ ಅನ್ನೋ ನಿಜ ಕಾರಣ, ಮುಂದಿನ ವರ್ಷ ಮತ್ತೆ ಹಾಕಬಹುದಾ ಅನ್ನೋದು, ಜೊತೆಗೆ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಾಕಬಹುದಾದ ವಿದ್ಯಾರ್ಥಿವೇತನಗಳ ವಿವರ ಅದರಲ್ಲಿರಲಿ. ನಿಮ್ಮ ಖಾಲಿ ಫಾರಂ ಇಲ್ಲಿ ಹಾಕಿ ಸರ್, ಯಾವ ಪ್ರಶ್ನೆ ತೆಗೀಬೇಕು ಅಂತ ಗುರುತು ಹಾಕಿ ಕೊಡ್ತೀನಿ. ತುಂಬಿದ ಅರ್ಜಿ ಮಾತ್ರ ಎಲ್ಲರೂ ನೋಡುವ ಈ ಗ್ರೂಪಿಗೆ ಹಾಕಬೇಡಿ.