ಆ ನೀಲಿ ಚೀಲ

ನನ್ನ ತಮ್ಮ ಪುಟ್ಟ, ಬೆನ್ನಿಗೊಂದು ಚೀಲ ಏರಿಸಿಕೊಂಡು ಮೂರು ವಾರದ ತಿರುಗಾಟಕ್ಕೆ ಹೊರಟಿದ್ದ. ಮೊದಲ ವಿಮಾನವೇ ಹನ್ನೊಂದು ಗಂಟೆ ತಡ. ನಿಲ್ದಾಣದ ನೆಲದ ಮೇಲೆ ಕುಳಿತಿದ್ದೇನೆ ಎಂದು ಮನೆಯವರ ಗುಂಪಿಗೆ ಬರೆದ, ಅಷ್ಟೇ. ಮುಂದಿನದನ್ನು ಇದ್ದ ಹಾಗೆಯೇ ಇಳಿಸುತ್ತಿದ್ದೇನೆ. ಕೈಮುಗಿಯುವ ಚಿತ್ರಗಳನ್ನು ಮಾತ್ರ ಬಿಟ್ಟಿದ್ದೇನೆ.

ಚಿಕ್ಕಪ್ಪ: ತಪ್ಪದೆ ಎಲ್ಲರಿಗೂ ಕಳುಹಿಸಿ!! ವಿಮಾನ 3 ಗಂಟೆ ತಡವಾದರೆ ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಕಂಪನಿ 600 ಯೂರೊ ಕೊಡಲೇಬೇಕು. ಇದನ್ನು ಮುಚ್ಚಿಡುತ್ತಿದ್ದಾರೆ.

ಚಿಕ್ಕಪ್ಪ: ಪುಟ್ಟ, ಬಿಡಬೇಡ. ಕೌಂಟರಿನಲ್ಲಿ ಜೋರು ಮಾಡು.

ಅಕ್ಕ: ಇದರ ಮೂಲ ಯಾವುದು ಚಿಕ್ಕಪ್ಪ?

ಚಿಕ್ಕಪ್ಪ: ನನ್ನ ಸ್ನೇಹಿತರು ಕಳುಹಿಸಿದ್ದು. ಓದಿದವರು.

ಅಕ್ಕ: ಇದು ಐರೋಪ್ಯ ಒಕ್ಕೂಟದ 261/2004ನೇ ನಿಯಮ. ಒಕ್ಕೂಟದಿಂದ ಹೊರಡುವ ವಿಮಾನಕ್ಕೆ, ಇಲ್ಲವೇ ಅಲ್ಲಿಗೆ ಹೋಗುವ ಅಲ್ಲಿನದೇ ಕಂಪನಿಯ ವಿಮಾನಕ್ಕೆ. ದೂರ ನೋಡಿಕೊಂಡು 250, 400 ಅಥವಾ 600. ಕೆಟ್ಟ ಹವಾಮಾನದಿಂದ ತಡವಾದರೆ ಅದೂ ಇಲ್ಲ. ಪುಟ್ಟ ಆ ಕಡೆಯಿಂದಲೂ ಹೊರಟಿಲ್ಲ, ಆ ಕಡೆಗೂ ಹೋಗುತ್ತಿಲ್ಲ.

ದೊಡ್ಡಪ್ಪ: ಹಿರಿಯರು ಏನಾದರೂ ತಿಳಿಸಿದಾಗ ಮೊದಲು ಕೃತಜ್ಞತೆ ಇರಬೇಕು. ಇನ್ನು ಪುಟ್ಟನಿಗೆ ಒಂದು ಮಾತು. ಕಾಯಲು ಬಾರದವನು ಮನೆಯಿಂದ ಹೊರಡಬಾರದು.

ಪುಟ್ಟ: ಕಾಯುತ್ತಲೇ ಇದ್ದೇನೆ ದೊಡ್ಡಪ್ಪ.

ಚಿಕ್ಕಪ್ಪ: ಇವಳ ಮದುವೆಯ ದಿನಾಂಕವನ್ನು ನಾನು ಇದೇ ಗುಂಪಿನಲ್ಲಿ ಓದಿ ತಿಳಿದುಕೊಂಡೆ. ಆಗ ಮೂಲ ಕೇಳಿದ್ದೆನೇ?

(ಏಳು ನಿಮಿಷ ಯಾರೂ ಬರೆಯಲಿಲ್ಲ. ನಮ್ಮವರ ಮಟ್ಟಿಗೆ ಅದು ಮೌನವ್ರತ.)

ಪುಟ್ಟ: ಗೇಟ್ ಮತ್ತೆ ಬದಲಾಯಿತು. ಒಳಗೆ ಕಳುಹಿಸುವ ಚೀಲದಲ್ಲಿ ಪವರ್ ಬ್ಯಾಂಕ್ ಇರಬಾರದೆಂದು ಕೌಂಟರಿನಲ್ಲಿ ಎಲ್ಲವನ್ನೂ ಬಿಚ್ಚಿಸಿದರು. ತಳದಲ್ಲಿ, ಕಾಲುಚೀಲದೊಳಗೆ ಇಟ್ಟಿದ್ದೆ. ಮತ್ತೆ ತುಂಬಿ ಬಿಗಿಯುವಾಗ ಸೊಂಟದ ಪಟ್ಟಿಯ ಬಕಲ್ ಮುರಿಯಿತು.

ಅತ್ತೆ: ಅಣ್ಣ, ನಾವು ಚಿಕ್ಕವರಿದ್ದಾಗ ಬಸ್ ಕೆಟ್ಟು ರಾತ್ರಿಯೆಲ್ಲ ನಿಲ್ದಾಣದಲ್ಲಿ ಕಳೆದದ್ದು ನೆನಪಿದೆಯೇ? ನೀನು ಟ್ರಂಕಿನ ಮೇಲೆ ಮಲಗಿ ಬೀಗದ ಕೈ ಬಾಯಲ್ಲಿ ಕಚ್ಚಿಕೊಂಡಿದ್ದೆ.

ದೊಡ್ಡಪ್ಪ: ಜೇಬಿನಲ್ಲಿತ್ತು.

ಚಿಕ್ಕಪ್ಪ: ಬಾಯಲ್ಲೇ ಇತ್ತು. ನಾನು ನೋಡಿದ್ದೇನೆ.

ಭಾವ: ಯಾವ ಚೀಲ?

ಚಿಕ್ಕಪ್ಪ: ಬಕಲ್‌ಗೂ ಕಂಪನಿಯವರೇ ಕೊಡಬೇಕು.

ಅಕ್ಕ: 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಒಳಗೆ ಕಳುಹಿಸಿದ ಚೀಲ ಹಾಳಾಗಿ ಬಂದರೆ ಕೈಗೆ ಸಿಕ್ಕ 7 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು, ಚೀಲವೇ ತಡವಾದರೆ 21 ದಿನ. ಇಲ್ಲಿ ಮುರಿದವನು ಇವನೇ.

ಭಾವ: ಯಾವ ಚೀಲ ಎಂದು ಕೇಳಿದೆ. ಅಟ್ಟದ ಮೇಲಿದ್ದ ನನ್ನ ನೀಲಿಯದೇ? ಕೊಟ್ಟವರು ಯಾರು?

ಅಕ್ಕ ಟೈಪ್ ಮಾಡುತ್ತಿದ್ದಾಳೆ ಎಂದು ಮೂರು ಬಾರಿ ತೋರಿಸಿತು, ಮೂರು ಬಾರಿ ಅಳಿಸಿಹೋಯಿತು.

ಚಿಕ್ಕಪ್ಪ: ಅಳಿಯಂದಿರು ಮೂಲ ಕೇಳುತ್ತಿದ್ದಾರೆ ನೋಡಮ್ಮ.

ಅಕ್ಕ: ನೀವು ಅದನ್ನು ಹೊತ್ತದ್ದು ಎರಡೇ ಸಲ.

ಭಾವ: ಹೊತ್ತಿದ್ದೇನೆ ತಾನೇ?

ದೊಡ್ಡಪ್ಪ: ಗಂಡ ಹೆಂಡತಿಯ ಮಾತು ಗುಂಪಿನಲ್ಲಿ ಬೇಡ.

ಅತ್ತೆ: ಪಾಪ, ಮಗುವಿಗೆ ಯಾರಾದರೂ ಊಟವಾಯಿತೇ ಎಂದು ಕೇಳಿದಿರಾ?

(ಅತ್ತೆಯೂ ಕೇಳಿರಲಿಲ್ಲ.)

ಭಾವ: ಪುಟ್ಟ, ಸೊಂಟದ ಪಟ್ಟಿ ಇಲ್ಲದಿದ್ದರೆ ಭಾರವೆಲ್ಲ ಭುಜಕ್ಕೆ ಬೀಳುತ್ತದೆ. ಎರಡು ತುದಿಗಳನ್ನೂ ಸೊಂಟದ ಮೂಳೆಯ ಮೇಲೆ ತಂದು ಗಂಟು ಹಾಕು, ಹೊಟ್ಟೆಯ ಮೇಲಲ್ಲ. ಭಾರವಾದದ್ದನ್ನು ಬೆನ್ನಿಗೆ ಒತ್ತಿ ಇಡು. ಉಳಿದದ್ದನ್ನು ನೀನು ಬಂದ ಮೇಲೆ ಮಾತಾಡೋಣ.

ಮರುದಿನ ಮಧ್ಯಾಹ್ನ ಒಂದು ಚಿತ್ರ ಬಂತು. ಕಲ್ಲಿನ ದಾರಿ, ಅದರ ಮೇಲೆ ಪುಟ್ಟನ ಬೆನ್ನು, ನೀಲಿ ಚೀಲ. ಸೊಂಟದ ಪಕ್ಕದಲ್ಲಿ ಒಂದು ದಪ್ಪ ಗಂಟು.

ಪುಟ್ಟ: ಹೊರಟೆ.

ಚಿಕ್ಕಪ್ಪ: 600 ಬಂತೇ?

ಭಾವ: ಬಲಗಡೆ ಜೇಬಿನ ಜಿಪ್ ತೆರೆದಿದೆ.