ಅಪ್‌ಡೇಟ್: ಫೌಲ್ ಲೆಕ್ಕ ಕೊನೆಗೂ ಅರ್ಥವಾಯಿತು

ಬೇಸ್‌ಬಾಲ್‌ನಲ್ಲಿ ಮೂರು ಸ್ಟ್ರೈಕ್‌ಗೆ (ಬೀಸಿ ತಪ್ಪಿದ, ಇಲ್ಲವೇ ಹೊಡೆಯುವ ಜಾಗದಲ್ಲಿ ಬಂದರೂ ಬಿಟ್ಟ ಚೆಂಡು) ಔಟ್ ಅಂದಮೇಲೆ, ಐದು ಫೌಲ್ (ಗೆರೆಯಾಚೆ ಹೋದ ಹೊಡೆತ) ಹೊಡೆದವನು ಇನ್ನೂ ಯಾಕೆ ಆಡುತ್ತಿದ್ದಾನೆ ಅಂತ ಹೋದ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಸ್ಯಾನ್ ಫ್ರಾನ್ಸಿಸ್ಕೋದ ಓರಾಕಲ್ ಪಾರ್ಕ್ ಕ್ರೀಡಾಂಗಣದಲ್ಲಿ ಕಣ್ಣಾರೆ ನೋಡಿದೆ.

ಎರಡು ಸ್ಟ್ರೈಕ್ ಆಗುವವರೆಗೆ ಮಾತ್ರ ಫೌಲ್ ಸ್ಟ್ರೈಕ್ ಆಗಿ ಲೆಕ್ಕಕ್ಕೆ ಬರುತ್ತದೆ. ಆಮೇಲೆ ಎಷ್ಟು ಫೌಲ್ ಹೊಡೆದರೂ ಎಣಿಕೆ ಅಲ್ಲೇ ನಿಲ್ಲುತ್ತದೆ. ಬಂಟ್ (ಬೀಸದೆ ಬ್ಯಾಟ್ ಅಡ್ಡ ಹಿಡಿದು ಚೆಂಡನ್ನು ಮೆಲ್ಲಗೆ ತಟ್ಟುವುದು) ಮಾಡಲು ಹೋಗಿ ಫೌಲ್ ಆದರೆ ಮಾತ್ರ ಔಟ್. ಇನ್ನು, ಫೌಲ್ ಚೆಂಡನ್ನು ನೆಲ ಮುಟ್ಟುವ ಮುಂಚೆ ಫೀಲ್ಡರ್ ಹಿಡಿದರೆ ಸಾಮಾನ್ಯವಾಗಿ ಔಟೇ, ನಮ್ಮ ಕ್ರಿಕೆಟ್ ಕ್ಯಾಚ್ ಹಾಗೇ ಅಲ್ವಾ!

ಬೋರ್ಡಿನಲ್ಲಿ 3-2 ಇತ್ತು. ಮೂರು ಬಾಲ್ (ಹೊಡೆಯುವ ಜಾಗದ ಹೊರಗೆ ಬಂದು, ಬ್ಯಾಟರ್ ಬೀಸದೆ ಬಿಟ್ಟ ಚೆಂಡು), ಎರಡು ಸ್ಟ್ರೈಕ್. ಬ್ಯಾಟರ್ ಸಾಲಾಗಿ ನಾಲ್ಕು ಫೌಲ್ ಹೊಡೆದ. ಮುಂದಿನ ಚೆಂಡು ಮೊಣಕಾಲಿಗಿಂತ ಕೆಳಗೆ ಬಂತು. ಅವನು ಬ್ಯಾಟ್ ಬೀಸಲೇ ಇಲ್ಲ. ನಾಲ್ಕನೇ ಬಾಲ್! ನಾಲ್ಕು ಬಾಲ್ ಆದರೆ ಮೊದಲ ಬೇಸ್ (ಓಟದ ಮೊದಲ ನಿಲ್ದಾಣ) ಪುಕ್ಕಟೆ, ಹಾಗಾಗಿ ಆರಾಮಾಗಿ ಅಲ್ಲಿಗೆ ನಡೆದ. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ.